ಕನ್ನಡಿಯಲ್ಲಿ ಬಂದ ಬೀಗರು

ಈ ಸಲ ಪಂಚಮಿಗೆ ಯರಗುಪ್ಪಿಗೆ ಹೋದಾಗ ಹೊಸ್ತಿಲಲ್ಲೇ ಹುರಿದ ಎಳ್ಳಿನ ವಾಸನೆ ಮೂಗಿಗೆ ಬಡಿಯಿತು. ಒಳಗೆ ಉಂಡಿಗೆ ಬೆಲ್ಲ ಕರಗುತ್ತಿತ್ತು. ಹೊರಗೆ ಜಿಟಿಜಿಟಿ ಮಳೆ, ಚಪ್ಪಲಿಗೆ ಮೆತ್ತಿದ ಎರಿ ಮಣ್ಣು ಚಪ್ಪಲಿಗಿಂತ ಭಾರ. ನಾನು ಕಲಘಟಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ವರ್ಷವಿಡೀ ಗಂಟಲು ಹರಿದುಕೊಳ್ಳುವವಳಿಗೆ ತವರಿನ ಪಡಸಾಲೆಯಲ್ಲಿ ಕಾಲು ಚಾಚಿ ಕೂತರೆ ಅದೇ ದೊಡ್ಡ ಸೂಟಿ. ಅಪ್ಪ, ಅವ್ವ ತೀರಿಹೋದ ಮೇಲೂ ಚಿಕ್ಕಪ್ಪನ ಹೆಂಡತಿ ನೀಲಾ ಕಾಕಿ ನನ್ನನ್ನು ಪಂಚಮಿಗೆ ಕರೆಯುವುದನ್ನು ಒಂದು ವರ್ಷವೂ ತಪ್ಪಿಸಿಲ್ಲ. ಆದರೆ ಈ ಸಲ ಕೂಡಲು ಬಿಟ್ಟರೆ ತಾನೆ? ಕಾಕಿಯ ಮಗ ಬಸು ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದುಕೊಂಡು ನನ್ನ ದಾರಿಯನ್ನೇ ಕಾಯುತ್ತಿದ್ದ.

"ಅಕ್ಕಾ, ಚಲೋ ಆತು ಬಂದಿ. ನಮ್ಮವ್ವಗ ನೀನರ ಒಂದೀಟು ಹೇಳ. ಆ ಕನ್ನಡಿ ತಗ್ಯಾಕ ಬಿಡವಲ್ಲಳು."

ಒಳಬಾಗಿಲಿನ ಪಕ್ಕದ ಗೋಡೆಗೆ ಅವನು ಹೊಸ ಟಿವಿ ಕೂರಿಸಿದ್ದ, ಮಂಚದಷ್ಟು ಅಗಲದ್ದು. ಎದುರು ಗೋಡೆಯ ಮೇಲೆ ಹಳೆಯ ನಿಲುವುಗನ್ನಡಿ ಮುಂದಕ್ಕೆ ಬಾಗಿಕೊಂಡು ತೂಗುತ್ತಿತ್ತು. ಕಿಟಕಿಯ ಬೆಳಕು ಕನ್ನಡಿಗೆ ಬಡಿದು ಟಿವಿಯ ಮೇಲೆ ಬೀಳುತ್ತದೆ, ಚಿತ್ರ ಬೆಳ್ಳಗೆ ಕಾಣುತ್ತದೆ ಎಂಬುದು ಅವನ ತಕರಾರು. ಕನ್ನಡಿಯಾದರೂ ಅಂಥ ಚಂದದ್ದೇನಲ್ಲ. ಚೌಕಟ್ಟಿನ ಒಂದು ಮೂಲೆ ಬಿಟ್ಟಿದೆ, ಗಾಜಿನ ಅಂಚಿನಲ್ಲಿ ಕರಿ ಚುಕ್ಕೆ ಬಿದ್ದಿವೆ.

ಒಳಗಿನಿಂದ ಕಾಕಿಯ ದನಿ ಬಂತು: "ಬೇಕಾದ್ರ ಆ ಟಿವೀನ ತಗದು ಹೊರಗ ಒಗಿ. ಕನ್ನಡಿ ಮುಟ್ಟಿದ್ರ ನೋಡ ಮತ್ತ."

ಆ ಕನ್ನಡಿ ಪಡಸಾಲೆಗೆ ಹೇಗೆ ಬಂತೆಂಬುದು ನನಗೆ ಗೊತ್ತು. ಟಿವಿ ಬಂದ ವರ್ಷವೇ ಅದೂ ಬಂತು. ಆಗ ನಾನು ಐದನೇ ಇಯತ್ತೆ ಓದುತ್ತಿದ್ದೆ. ಇವತ್ತು ಸ್ಕ್ರೂಡ್ರೈವರ್ ಹಿಡಿದು ನಿಂತಿರುವ ಬಸು ಆಗ ತೊಟ್ಟಿಲಲ್ಲಿ ಕಾಲು ಬಡಿಯುತ್ತಿದ್ದ.

ಆ ಟಿವಿಯನ್ನು ತಂದದ್ದು ಕಾಕಾ. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಅದನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. ಕಂಡಕ್ಟರ್ ಕೂಸಿಗೆ ಏನಾಗಿದೆ ಎಂದು ಕೇಳಿದನಂತೆ. ಕಪ್ಪು ಬಿಳುಪಿನ ಟಿವಿ, ಎರಡು ಕಡೆಯಿಂದ ಎಳೆದು ಮುಚ್ಚುವ ಕಟ್ಟಿಗೆಯ ಬಾಗಿಲು ಇದ್ದವು. ಮಾಳಿಗೆಯ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ ಎದ್ದು ನಿಂತಿತು. ಅಜ್ಜ ಟಿವಿಯನ್ನು ಪಡಸಾಲೆಯಲ್ಲಿ, ಒಳಬಾಗಿಲಿನ ಪಕ್ಕದ ಗೋಡೆಗೆ ಇಡಿಸಿದರು. ಎದುರು ಗೋಡೆಗೆ ಅವರ ಲೋಡು. ಅವರ ಸುತ್ತ ಊರಿನ ಗಂಡಸರು, ಮುಂದೆ ನಾವು ಹುಡುಗರು.

ಈಗ ಹೆಂಗಸರ ಪಾಡು ಕೇಳಿ. ನಮ್ಮ ಮನೆಯಲ್ಲಿ ಸೊಸೆಯಂದಿರು ಹಿರಿಯರ ಮುಂದೆ ಪಡಸಾಲೆಯಲ್ಲಿ ಕೂಡುತ್ತಿರಲಿಲ್ಲ. ಯಾರೂ ಬೈದು ಮಾಡಿದ ಕಟ್ಟಳೆಯಲ್ಲ, ನಡೆದುಬಂದದ್ದು. ಅವರು ಒಳಬಾಗಿಲಿನ ಮರೆಯಲ್ಲಿ ನಿಲ್ಲಬೇಕು. ಅಲ್ಲಿ ನಿಂತರೆ ಟಿವಿ ಕಾಣುವುದಿಲ್ಲ, ಅದು ಅದೇ ಗೋಡೆಗಿದೆ. ಕಾಣುವುದು ಟಿವಿ ನೋಡುವವರ ಮುಖಗಳು ಮಾತ್ರ. ಮೊದಲೆರಡು ವಾರ ನಮ್ಮ ಮನೆಯ ಹೆಂಗಸರು ಅದನ್ನೇ ನೋಡಿದರು. ಮೀಸೆಯ ಮೇಲೆ ನಿಂಬೆಹಣ್ಣು ನಿಲ್ಲಿಸುವಂಥ ಓಣಿಯ ಗೌಡರು ಧಾರಾವಾಹಿಯ ಸೀತಮ್ಮನಿಗೋಸ್ಕರ ಟವೆಲಿನಲ್ಲಿ ಮೂಗು ಒರೆಸಿಕೊಂಡಿದ್ದನ್ನು ಕಂಡು ಅಜ್ಜಿ, ಅವರನ್ನು ನಾವು ಅಮ್ಮ ಎನ್ನುತ್ತಿದ್ದೆವು, ಬಾಯಿಗೆ ಸೆರಗು ತುರುಕಿಕೊಂಡು ನಕ್ಕಿದ್ದೇ ನಕ್ಕಿದ್ದು.

"ಟಿವಿಗಿಂತ ಇದ ಚಲೋ ಐತಲ್ಲಬೇ," ಅಂದರು.

ಆದರೂ ಎಷ್ಟು ದಿನ ಗೌಡರ ಮೂಗನ್ನೇ ನೋಡುವುದು? ಒಂದು ಬೆಳಗ್ಗೆ ಅಮ್ಮ ತಮ್ಮ ಮದುವೆಯ ನಿಲುವುಗನ್ನಡಿಯನ್ನು ಕೋಣೆಯಿಂದ ಹೊರಿಸಿ ತಂದು, ಅಜ್ಜನ ಲೋಡಿನ ಮೇಲಿನ ಗೋಡೆಗೆ ಮೊಳೆ ಹೊಡೆಸಿ, ಹಗ್ಗ ಸಡಿಲಿಸಿ ಮುಂದಕ್ಕೆ ಬಾಗಿಸಿ ತೂಗುಹಾಕಿದರು. ಈಗ ಒಳಬಾಗಿಲಿನಲ್ಲಿ ನಿಂತವರಿಗೆ ಕನ್ನಡಿಯೊಳಗೆ ಟಿವಿ ಪೂರ್ತಿ ಕಂಡಿತು. ಅಜ್ಜ ತಲೆ ಎತ್ತಿ ನೋಡಿ, "ಇದ್ಯಾಕ?" ಎಂದು ಕೇಳಿದರು.

"ಪಡಸಾಲ್ಯಾಗ ಬೆಳಕು ಕಡಿಮಿ ಅಂತ," ಅಂದರು ಅಮ್ಮ.

ಅಜ್ಜನಿಗೆ ತಿಳಿಯದೇ ಇರಲಿಲ್ಲ. ಕೆಮ್ಮಿ ಲೋಡಿಗೆ ಒರಗಿದರು. ಅವರು ಗಟ್ಟಿ ಮನುಷ್ಯ, ಆದರೆ ಕೆಟ್ಟ ಮನುಷ್ಯ ಅಲ್ಲ.

ಹೀಗೆ ನಮ್ಮ ಮನೆಯ ಹೆಂಗಸರ ಪಾಲಿಗೆ ಟಿವಿ ಬಂದದ್ದು ಕನ್ನಡಿಯಲ್ಲಿ. ಅದರಿಂದ ಆದ ಒಂದು ಫಜೀತಿ ಹೇಳಬೇಕು. ಕನ್ನಡಿಯಲ್ಲಿ ಎಡ ಬಲ ಆಗುತ್ತದೆಯೆಂದು ಅಮ್ಮನಿಗೆ ಹೊಳೆಯಲಿಲ್ಲ. ಟಿವಿಯಲ್ಲಿ ಯಾರೇ ಊಟಕ್ಕೆ ಕೂತರೂ ಅಮ್ಮನ ಜೀವ ಚಡಪಡಿಸುತ್ತಿತ್ತು.

"ಏನ್ ಮಂದಿಯವ್ವ ಇವರು! ಅಷ್ಟು ದೊಡ್ಡ ಮನಿ, ಅಷ್ಟು ಬಂಗಾರ, ಎಲ್ಲಾರೂ ಎಡಗೈಲೆ ಉಣ್ತಾರಲ್ಲ! ಹೇಳೋರು ಕೇಳೋರು ಇಲ್ಲೇನ ಮನ್ಯಾಗ?"

ನಾನು ಹೊರಗೆ ಓಡಿಹೋಗಿ ನೋಡಿ, ಒಳಗೆ ಓಡಿಬಂದು, ಬಲಗೈ ಬಲಗೈ ಎಂದು ಬಡಕೊಂಡೆ. ಕೇಳಿದರೆ ತಾನೆ? "ನಾ ಕಣ್ಣಾರೆ ನೋಡೇನಿ," ಎಂದು ಹನುಮಪ್ಪನ ಗುಡಿಯ ಕಟ್ಟೆಯಲ್ಲಿ ವಾದ ಹಾಕಿ ಬಂದರು. ನಮ್ಮ ಓಣಿಯಲ್ಲಿ ಬಹಳ ದಿನ ಪ್ಯಾಟೆಯ ಮಂದಿ ಎಡಚರು ಎಂಬ ಮಾತಿತ್ತು.

ಟಿವಿ ಬಂದ ಮೇಲೆ ಊರಿನ ಹೊತ್ತುಗಳೇ ಬದಲಾದವು. ಸಂಜೆ ಮನೆಮನೆಯಿಂದ ಕೇಳುತ್ತಿದ್ದ ರೊಟ್ಟಿ ಬಡಿಯುವ ಸಪ್ಪಳ ಒಂದು ತಾಸು ಮುಂಚೆ ಶುರುವಾಗಿ, ವಾರ್ತೆಯ ಮೊದಲೇ ನಿಲ್ಲತೊಡಗಿತು. ಶ್ರಾವಣದ ಪುರಾಣ ಹೇಳಲು ಬಂದ ಶಾಸ್ತ್ರಿಗಳು ಮಠದಲ್ಲಿ ಕಂಬಗಳನ್ನೇ ಎಣಿಸುವ ಹಾಗಾಗಿ, ಕೊನೆಗೆ ಪುರಾಣವನ್ನೇ ಟಿವಿ ಮುಗಿದ ಮೇಲಕ್ಕೆ ಸರಿಸಿ, ತಾವೂ ನಮ್ಮ ಪಡಸಾಲೆಯಲ್ಲಿ ಒಂದು ಮೂಲೆ ಹಿಡಿದರು.

ಇಷ್ಟೆಲ್ಲದರ ನಡುವೆ ಟಿವಿಯ ಕಡೆ ಮನಸ್ಸಿಲ್ಲದವಳು ನೀಲಾ ಕಾಕಿ ಒಬ್ಬಳೇ. ಅದಕ್ಕೆ ಕಾರಣ ತೊಟ್ಟಿಲು.

ಕಾಕಿ ಶಲವಡಿಯವಳು. ಅವಳ ಅಪ್ಪ ಮಲ್ಲಪ್ಪ ಅಲ್ಲಿನ ಭಜನೆ ಮೇಳದ ಹಾಡುಗಾರ. ಉದ್ದಕ್ಕೆ, ತೆಳ್ಳಗೆ, ತಲೆಯ ಮೇಲೆ ಯಾವಾಗಲೂ ಸೊಟ್ಟಗೆ ಕೂತ ಪಟಗಾ. ಬಾಯಿ ಬಿಟ್ಟರೆ ನಾಲ್ಕು ಮಂದಿಯನ್ನು ನಗಿಸುವವರು. ಚೊಚ್ಚಲ ಬಾಣಂತನ ಮುಗಿಸಿ ಮಗಳನ್ನೂ ಕೂಸನ್ನೂ ಬೇಸಿಗೆಯಲ್ಲಿ ನಮ್ಮ ಮನೆಗೆ ಕರೆತಂದಾಗ ಅವರು ಕಲಘಟಗಿಯ ಬಣ್ಣದ ತೊಟ್ಟಿಲು ತಂದಿದ್ದರು. ತಾವೇ ಹೋಗಿ ಕೂತು, ಯಾವ ಹಲಗೆಗೆ ಯಾವ ಚಿತ್ರ ಎಂದು ಹೇಳಿ ಬರೆಸಿದ್ದಂತೆ. ಕೆಂಪು, ಹಳದಿ, ಹಸಿರು, ಕಣ್ಣು ಕುಕ್ಕುವಂಥದ್ದು. ಕಲಘಟಗಿಯ ತೊಟ್ಟಿಲಿನ ಬಣ್ಣ ತಲೆಮಾರು ಕಳೆದರೂ ಹೋಗುವುದಿಲ್ಲವೆಂಬುದು ಅದರ ಹೆಚ್ಚುಗಾರಿಕೆ. ಊರ ಮಂದಿಯೆಲ್ಲ ಸುತ್ತ ನಿಂತಿರುವಾಗ ಅಜ್ಜ ಅದರ ಮೇಲೆ ಬೆರಳಾಡಿಸಿ, ಬೆರಳನ್ನು ನೋಡಿಕೊಂಡು ದೊಡ್ಡ ದನಿಯಲ್ಲಿ ಅಂದರು:

"ಏನ್ ಬೀಗ್ರ, ಬಣ್ಣ ಕೈಗೆ ಹತ್ತೂದಿಲ್ಲ ಹೌದಿಲ್ಲೋ? ಕೂಸಿನ ಅಂಗಿ ಹೊಲಸಾದೀತು ಮತ್ತ!"

ಬೀಗರು ಬೀಗರನ್ನು ಕಾಡುವುದು ನಮ್ಮಲ್ಲಿ ಇದ್ದದ್ದೇ. ಎಲ್ಲರೂ ನಕ್ಕರು. ಎಲ್ಲರನ್ನೂ ನಗಿಸುವ ಮಲ್ಲಪ್ಪನವರು ಮಾತ್ರ ನಗಲಿಲ್ಲ. "ಕೈಗೆ ಹತ್ತೂವಂಥಾ ಬಣ್ಣ ನಾವು ಕೊಡೂದಿಲ್ರಿ," ಎಂದವರೇ ಟವೆಲ್ ಹೆಗಲಿಗೆ ಹಾಕಿಕೊಂಡು ನಡೆದೇಬಿಟ್ಟರು. ಎಲೆಯ ಮೇಲೆ ಬಡಿಸಿದ ಹೋಳಿಗೆ ತಣ್ಣಗಾಯಿತು. ಬೀಗರು ಉಣ್ಣದೆ ಎದ್ದುಹೋಗುವುದೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ.

"ನಾ ಚಾಷ್ಟಿಗೆ ಅಂದ್ನಿ. ಅಷ್ಟಕ್ಕ ಎದ್ದು ಹೋಗೂದ?" ಎಂದು ಅಜ್ಜ ಉರಿದರು. "ಅವರಾಗಿ ಬಂದು ಶರಣು ಅನ್ನೂಮಟ ನಾ ಅನ್ನೂದಿಲ್ಲ."

ಶಲವಡಿಯಿಂದಲೂ ಮಾತು ಬಂತು: "ತೊಟ್ಟಿಲದಾಗ ಕುಂದು ಹುಡುಕಿದೋರು ಅವರು. ಮೊದಲು ಅವರ ಶರಣು ಅನ್ನಲಿ."

ನಮ್ಮಲ್ಲಿ ಯಾರಾದರೂ ಶರಣು ಅಂದರೆ ತಿರುಗಿ ಶರಣು ಅನ್ನದೆ ಇರುವಂತಿಲ್ಲ. ಕೈ ಎಂಜಲಿದ್ದರೆ ಬಾಯಿಂದ ಅನ್ನುತ್ತಾರೆ, ಬಾಯಲ್ಲಿ ತುತ್ತಿದ್ದರೆ ತಲೆಯಿಂದಾದರೂ ಅನ್ನುತ್ತಾರೆ. ಅದಕ್ಕೇ ಮಾತು ಬಿಟ್ಟವರು ಎದುರಾಗದಂತೆ ನೋಡಿಕೊಳ್ಳುತ್ತಾರೆ. ಇವರಿಬ್ಬರೂ ಹಾಗೇ ಮಾಡಿದರು. ಒಬ್ಬರು ಅಣ್ಣಿಗೇರಿ ಸಂತೆಗೆ ಹೋಗುತ್ತಾರೆಂದು ತಿಳಿದರೆ ಇನ್ನೊಬ್ಬರು ಹೋಗುತ್ತಿರಲಿಲ್ಲ.

ಬೇಸಿಗೆ ಹೀಗೆ ಕಳೆಯಿತು. ಮುಂಗಾರು ಚೆನ್ನಾಗಿ ಹಿಡಿಯಿತು. ಹೊಲದಲ್ಲಿ ಹೆಸರು ಬಿಡಿಸುವ ಹೊತ್ತಿಗೆ ಶ್ರಾವಣ ಬಂತು, ಅದರ ಬೆನ್ನಿಗೇ ಪಂಚಮಿ. ಪಂಚಮಿಗೆ ಅಣ್ಣತಮ್ಮಂದಿರು ಬಂದು ಅಕ್ಕತಂಗಿಯರನ್ನು ತವರಿಗೆ ಕರೆದೊಯ್ಯಬೇಕು. ಓಣಿಯ ಸೊಸೆಯರೆಲ್ಲ ಒಬ್ಬೊಬ್ಬರೇ ಹೊರಡತೊಡಗಿದರು. ಕಾಕಿಯ ಅಣ್ಣ ಬರಲಿಲ್ಲ. ಅಪ್ಪನ ಮಾತು ಮೀರಿ ಅವನು ಹೇಗೆ ಬಂದಾನು? ಇಲ್ಲಿಂದ ಅಜ್ಜನಾಗಿ ಹೇಳಿ ಕಳಿಸುವುದಿಲ್ಲ. ಮೊಮ್ಮಗ ಮಗ್ಗಲಾಗುವುದನ್ನೂ ಬೋರಲು ಬೀಳುವುದನ್ನೂ ಅಲ್ಲಿನ ಅಜ್ಜಿ ನೋಡಿರಲಿಲ್ಲ.

ಕಾಕಿ ಯಾರೊಂದಿಗೂ ಜಗಳ ತೆಗೆಯಲಿಲ್ಲ. ಎಳ್ಳು ಹುರಿದಳು, ಶೇಂಗಾ ಕುಟ್ಟಿದಳು, ಬೇರೆಯವರ ಹೆಣ್ಣುಮಕ್ಕಳು ಬರುತ್ತಾರೆಂದು ಉಂಡಿ ಕಟ್ಟಿದಳು. ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ತೊಟ್ಟಿಲನ್ನು ತಿಕ್ಕಿ ತಿಕ್ಕಿ ಒರೆಸುತ್ತಿದ್ದಳು. ಆಮೇಲೆ ಅಂಗೈಯನ್ನು ನನ್ನ ಮುಂದೆ ಹಿಡಿದು, "ನೋಡಬೇ, ಬಣ್ಣ ಹತ್ತೇತೇನ?" ಎಂದು ಕೇಳುತ್ತಿದ್ದಳು. ಇಲ್ಲ ಕಾಕಿ ಅನ್ನುತ್ತಿದ್ದೆ.

ಆಗ ಬಂದವರು ಬಳೆಗಾರ ಹುಸೇನಸಾಬರು. ಪಂಚಮಿಗೆ ಮುಂಚೆ ಊರೂರು ತಿರುಗಿ ಬಳೆ ತೊಡಿಸುವವರು ಅವರು, ಜೊತೆಗೆ ಊರೂರಿನ ಸುದ್ದಿಯನ್ನೂ ತೊಡಿಸುತ್ತಿದ್ದರು. ಕಾಕಿಯ ಕೈ ಹಿಡಿದು ಹಸಿರು ಬಳೆ ಏರಿಸುತ್ತ ಅಂದರು:

"ನೀಲವ್ವ, ಗೊತ್ತಾತೇನ? ನಿಮ್ಮಪ್ಪ ಟಿವ್ಯಾಗ ಬರ್ತಾನ. ಪ್ಯಾಟಿಯಿಂದ ಕ್ಯಾಮೆರಾದವರು ಬಂದು ಶಲವಡಿ ಭಜನಿ ಮ್ಯಾಳ ಹಿಡಕೊಂಡು ಹೋಗ್ಯಾರ. ಗುರುವಾರ ಸಂಜೀಕ, ವಾರ್ತಾದಕಿಂತ ಮೊದಲ ಹಾಕ್ತಾರಂತ."

ಕಾಕಿಯ ಕೈ ಬಿಗಿಯಿತು, ಬಳೆ ಒಡೆಯಿತು. ಹುಸೇನಸಾಬರು ಇನ್ನೊಂದು ತೆಗೆದರು.

ಗುರುವಾರ ಟಿವಿ ಹಚ್ಚುತ್ತಾರೋ ಇಲ್ಲವೋ ಎಂಬುದೇ ಮನೆಯ ಚಿಂತೆಯಾಯಿತು. ಕೇಳುವ ಧೈರ್ಯ ಕಾಕಿಗಿಲ್ಲ. ಕಾಕಾನಿಗೆ ಮೊದಲೇ ಇಲ್ಲ. ಅಮ್ಮ ಕೇಳಲೂ ಇಲ್ಲ, ಅಜ್ಜನ ಮುಂದೆ ರೊಟ್ಟಿಯ ಗಂಗಾಳ ಇಟ್ಟು ಹೇಳಿಯೇಬಿಟ್ಟರು: "ಗುರುವಾರ ಟಿವಿ ಹಚ್ಚಲಿಲ್ಲಂದ್ರ ಶುಕ್ರವಾರ ನಾ ಒಲಿ ಹಚ್ಚೂದಿಲ್ಲ."

ಅಜ್ಜ ರೊಟ್ಟಿ ಮುರಿದರು. "ಟಿವಿ ಊರಮಂದಿಗಂತ ಹಚ್ಚೂದು. ಹಚ್ಚರಿ. ನಾ ಕುಂಡ್ರತೇನಿ, ಆದ್ರ ನೋಡೂದಿಲ್ಲ."

ಗುರುವಾರ ಮಧ್ಯಾಹ್ನದಿಂದಲೇ ಮಳೆ ಜಡಿಯಿತು, ಕರೆಂಟು ಹೋಯಿತು. ಕಾಕಿ ಅಡುಗೆಮನೆಗೂ ಒಳಬಾಗಿಲಿಗೂ ಎಷ್ಟು ಸಲ ಓಡಾಡಿದಳೋ. ಸಂಜೆಗೆ ಜನ ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಬಂದು ಪಡಸಾಲೆ ತುಂಬಿದರು. ಬೀಗರ ಜಗಳ ಊರಿಗೆಲ್ಲ ಗೊತ್ತು, ಹಾಗಾಗಿ ಅವತ್ತು ಒಬ್ಬರೂ ತಪ್ಪಿಸಲಿಲ್ಲ, ಶಾಸ್ತ್ರಿಗಳೇ ಎಲ್ಲರಿಗಿಂತ ಮುಂದೆ ಬಂದು ಕೂತಿದ್ದರು. ಕಾಕಾ ಮಳೆಯಲ್ಲಿ ಮಾಳಿಗೆ ಹತ್ತಿ ಆಂಟೆನಾ ಹಿಡಿದು ನಿಂತ. ಇನ್ನೇನು ಹೊತ್ತಾಯಿತು ಅನ್ನುವಾಗ ಬಲ್ಬು ಹೊತ್ತಿತು. ಎಲ್ಲರೂ ಹೋ ಎಂದರು. ಟಿವಿ ಕಾಯುವಾಗಿನ ಧೂಳಿನ ವಾಸನೆ, ಒದ್ದೆ ಗೋಣಿಯ ವಾಸನೆ, ಒಳಗಿನಿಂದ ಎಳ್ಳಿನ ವಾಸನೆ.

"ಬಂತೇನೋ?" ಮೇಲಿಂದ ಕಾಕಾನ ಕೂಗು.

"ಮಾರಿ ಕಾಣವಲ್ದು, ಇನ್ನೊಂದೀಟು ತಿರುವು!"

ಅಜ್ಜ ಕನ್ನಡಿಯ ಕೆಳಗೆ, ಲೋಡಿಗೆ ಒರಗಿ, ಹಟ ಹಿಡಿದವರಂತೆ ಕಣ್ಣು ಮುಚ್ಚಿ ಕೂತಿದ್ದರು. ನಾನು ಒಳಬಾಗಿಲಿನ ಹೊಸ್ತಿಲ ಮೇಲಿದ್ದೆ. ನನ್ನ ಹಿಂದೆ ಬಸುವನ್ನು ಎತ್ತಿಕೊಂಡು ಕಾಕಿ ನಿಂತಿದ್ದಳು. ಅವಳ ಬಿಸಿ ಉಸಿರು ನನ್ನ ನೆತ್ತಿಗೆ ತಾಗುತ್ತಿತ್ತು.

ಪರದೆಯ ಮೇಲಿನ ಸಾಸಿವೆಯಂಥ ಚುಕ್ಕೆ ಸ್ವಲ್ಪ ಸ್ವಲ್ಪವೇ ಕಡಿಮೆಯಾಗಿ ಒಂದು ಗುಡಿ, ಗುಡಿಯ ಮುಂದೆ ಸಾಲಾಗಿ ಕೂತ ಮೇಳ ಕಂಡಿತು. ಚಿತ್ರ ಮುಂದೆ ಮುಂದೆ ಸರಿದು ಒಬ್ಬರ ಮುಂದೆ ನಿಂತಿತು. ಅವರು ತಾಳ ಕೆಳಗಿಟ್ಟು ಕೈ ಜೋಡಿಸಿದರು. ಮೊದಲು ಬಂದದ್ದು ದನಿ, ಆ ಗಟ್ಟಿ ದನಿ:

"ಶರಣ್ರೀ ಎಲ್ಲಾರಿಗೂ!"

ಕಣ್ಣು ಮುಚ್ಚಿಯೇ ಇದ್ದ ಅಜ್ಜ ಥಟ್ಟನೆ ನೆಟ್ಟಗೆ ಕೂತರು. ಎರಡೂ ಕೈ ತಾವಾಗಿಯೇ ಜೋಡಿಸಿಕೊಂಡವು.

"ಶರಣ್ರೀ... ಬರ್ರಿ ಬೀಗ್ರ, ಬರ್ರಿ!"

ಅಜ್ಜ ಕಣ್ಣು ತೆರೆದರು. ಬಾಗಿಲ ಕಡೆ ನೋಡಿದರು, ಅಲ್ಲಿ ಯಾರೂ ಬಂದಿರಲಿಲ್ಲ. ಟಿವಿಯ ಕಡೆ ನೋಡಿದರು. ತಮ್ಮ ಜೋಡಿಸಿದ ಕೈಗಳನ್ನು ನೋಡಿಕೊಂಡರು. ಮೊದಲು ನಗಲು ಧೈರ್ಯ ಮಾಡಿದವರು ಗೌಡರು.

"ಹಿರೇರ, ಬರ್ರಿ ಅಂದಬಿಟ್ರೆಲಾ!"

"ಅಂದಾರ!" ಒಳಗಿನಿಂದ ಅಮ್ಮ ಗುಡುಗಿದರು. "ಊರಮಂದಿ ಕೇಳ್ಯಾರ. ಕರದ ಮ್ಯಾಲ ಮುಗೀತು."

ಪಡಸಾಲೆಯೆಲ್ಲ ನಗುವಾಯಿತು. ಅಜ್ಜ ಮಾತ್ರ ನಗಲಿಲ್ಲ, ಬೈಯಲೂ ಇಲ್ಲ. ಟಿವಿಯಲ್ಲಿ ಬೀಗರು ಹಾಡತೊಡಗಿದ್ದರು. ಅಜ್ಜ ಅವರನ್ನೇ ನೋಡುತ್ತ ಕೂತರು. ಮುಖದ ಗಂಟು ಒಂದೊಂದಾಗಿ ಬಿಚ್ಚಿತು.

"ಎಷ್ಟು ಸೊರಗ್ಯಾರಲಾ ಬೀಗ್ರು," ಅಂದರು, ತಮಗೇ ಹೇಳಿಕೊಳ್ಳುವಂತೆ. ಆಮೇಲೆ ದನಿ ಏರಿಸಿ ಕರೆದರು: "ನೀಲವ್ವಾ, ಒಳಗ್ಯಾಕ ನಿಂತಿ? ಕೂಸಿನ್ನ ಕರಕೊಂಡು ಹೊರಗ ಬಾ. ನಿಮ್ಮಪ್ಪ ಬಂದಾರ."

ನಮ್ಮ ಮನೆಯ ಸೊಸೆಯೊಬ್ಬಳು ಪಡಸಾಲೆಗೆ ಬಂದು ಹಿರಿಯರ ಮುಂದೆ ನಿಂತದ್ದು ಅವತ್ತೇ ಮೊದಲು. ಕಾಕಿ ಹೊಸ್ತಿಲು ದಾಟಿದಳು. ಗಂಡಸರು ಸರಿದು ಜಾಗ ಮಾಡಿದರು. ಅವಳು ಟಿವಿಯ ಕಡೆ ತಿರುಗುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು.

ಮಾಳಿಗೆಯ ಮೇಲಿಂದ ಕಾಕಾ ಪಾಪ, "ಈಗ ಬಂತೇನೋ?" ಎಂದು ಕೂಗುತ್ತಲೇ ಇದ್ದ.

ಕತ್ತಲಲ್ಲಿ ಅಜ್ಜನ ದನಿ ಕೇಳಿತು. "ಕರ್ಯಾಕ ಅವರು ಬರಲಿಲ್ಲಂದ್ರ ಏನಾತು? ನಾಳಿ ನಾವ ಬಿಟ್ಟು ಬರೂಣು."

ಮಾವನೇ ಸೊಸೆಯನ್ನು ಪಂಚಮಿಗೆ ತವರಿಗೆ ಬಿಟ್ಟುಬಂದದ್ದನ್ನು ನಮ್ಮ ಊರು ಕಂಡಿರಲಿಲ್ಲ. ಮರುದಿನ ಬಸ್ಸಿನಲ್ಲಿ ಉಂಡಿಯ ಡಬ್ಬಿ ಅಜ್ಜನ ತೊಡೆಯ ಮೇಲೆ, ಬಸು ಕಾಕಿಯ ತೊಡೆಯ ಮೇಲೆ, ನಾನು ನಡುವೆ. ಶಲವಡಿಯ ಮನೆಯ ಮುಂದೆ ಮಲ್ಲಪ್ಪನವರು ನಮ್ಮನ್ನು ನೋಡಿ ಕಟ್ಟೆಯಿಂದ ಎದ್ದು ನಿಂತರು. ಇಬ್ಬರೂ ಒಟ್ಟಿಗೇ ಶರಣು ಅಂದರು. ಆಮೇಲೆ ಮಲ್ಲಪ್ಪನವರು ಕಣ್ಣು ಮಿಟುಕಿಸಿ, "ಅಂತೂ ಮೊದಲ ನೀವ ಬಂದ್ರಿ ಬೀಗ್ರ," ಅಂದರು.

"ಅದ್ಹ್ಯಾಂಗ? ನಿನ್ನಿ ಮೊದಲ ನೀವ ನಮ್ಮ ಮನೀಗೆ ಬಂದು ಶರಣು ಅಂದ್ರಿ. ಊರಮಂದಿ ಸಾಕ್ಷಿ."

"ನಾ ಎಲ್ಲೆ ಬಂದಿದ್ನಿರಿ?"

"ಟಿವ್ಯಾಗ!"

ಮಲ್ಲಪ್ಪನವರು ನಕ್ಕು ನಕ್ಕು ಮತ್ತೆ ಕಟ್ಟೆಯ ಮೇಲೆ ಕುಸಿದರು. ಅಷ್ಟರಲ್ಲಿ ಕೂಸು ಅವರ ಪಟಗಾಕ್ಕೆ ಕೈ ಹಾಕಿತ್ತು. ಅವರ ಊರಲ್ಲಿ ಆ ಸಂಜೆ ಕರೆಂಟೇ ಇರಲಿಲ್ಲವಂತೆ. ತಮ್ಮನ್ನು ತಾವು ನೋಡಿರಲಿಲ್ಲ. ಮಗಳ ಕಡೆ ತಿರುಗಿ ಆಸೆಯಿಂದ ಕೇಳಿದರು:

"ಹ್ಯಾಂಗ ಕಾಣತಿದ್ನಿ ನೀಲವ್ವ?"

"ಅಗದಿ ಚಂದ ಕಾಣತಿದ್ದಿ ಅಪ್ಪಾ. ಪಟಗಾ ಒಂದೀಟು ಸೊಟ್ಟಾಗಿತ್ತು, ಅಷ್ಟ."

ಆಮೇಲೆ ಎಷ್ಟೋ ಪಂಚಮಿಗಳು ಬಂದು ಹೋದವು. ಸೊಸೆಯರು ಪಡಸಾಲೆಯಲ್ಲಿ ಕೂಡತೊಡಗಿದರು, ಹೇಗೆ ಶುರುವಾಯಿತೆಂದು ಯಾರೂ ಕೇಳಲಿಲ್ಲ. ಬಣ್ಣದ ಟಿವಿ ಬಂತು. ಮಾಳಿಗೆಯಿಂದ ಮಾಳಿಗೆಗೆ ಕೇಬಲ್ಲಿನ ಕರಿ ತಂತಿ ಹರಿಯಿತು, ಆಮೇಲೆ ಡಿಶ್ಶು ಬಂದು ಕೂತಿತು. ಮನೆಮನೆಗೂ ಟಿವಿ ಆದ ಮೇಲೆ ನಮ್ಮ ಪಡಸಾಲೆಗೆ ಬರುವವರು ನಿಂತರು. ಈಗ ಟಿವಿ ತನ್ನ ಪಾಡಿಗೆ ಮಾತಾಡುತ್ತಿರುತ್ತದೆ, ಮಂದಿ ಅಂಗೈಯ ಫೋನು ನೋಡುತ್ತಿರುತ್ತಾರೆ. ನಾನೂ ಅವರಲ್ಲಿ ಒಬ್ಬಳು, ದೂರಲು ನನಗೇನು ಹಕ್ಕು? ಮೊದಲು ಮಲ್ಲಪ್ಪನವರು ಹೋದರು, ಆಮೇಲೆ ಅಜ್ಜ, ಆಮೇಲೆ ಅಮ್ಮ. ಕಾಕಾ ಈಗ ಮಾಳಿಗೆ ಹತ್ತಲಾರ.

ಬಸುವಿನ ವಕೀಲಿಕೆ ಹಿಡಿದು ನಾನು ಅಡುಗೆಮನೆಗೆ ಹೋದೆ. ಕಾಕಿ ಬಿಸಿ ಪಾಕಕ್ಕೆ ಕೈ ಹಾಕಿ ಉಂಡಿ ಕಟ್ಟುತ್ತಿದ್ದಳು.

"ಕಾಕಿ, ಯಾಕಬೇ ಅದರ ಮ್ಯಾಲ ಅಷ್ಟ ಜೀವ? ಅದರಾಗ ನಿಮ್ಮಪ್ಪ ಬಂದಿದ್ರಂತನ?"

ಅವಳು ಒಂದು ಉಂಡಿ ಮುಗಿಸಿ ತಟ್ಟೆಗಿಟ್ಟಳು. "ಅವತ್ತು ನಾ ನಮ್ಮಪ್ಪನ್ನ ನೋಡೇ ಇಲ್ಲವ್ವ."

ನನಗೆ ಅರ್ಥವಾಗಲಿಲ್ಲ. "ಪಟಗಾ ಸೊಟ್ಟಾಗಿತ್ತು ಅಂದಿದ್ದೆಲ್ಲ?"

"ನಮ್ಮಪ್ಪನ ಪಟಗಾ ಯಾವತ್ತು ನೆಟ್ಟಗಿತ್ತು ಹೇಳ." ಅವಳು ನಕ್ಕಳು. ಆಮೇಲೆ ನಗು ನಿಂತಿತು. "ಮ್ಯಾಲ ಕನ್ನಡ್ಯಾಗ ಅಪ್ಪ ಇದ್ದ. ಅದರ ಕೆಳಗ ಮಾವಾರು ಕುಂತಿದ್ರು. ತವರಿಗೆ ಕಳಸೋರು ಮಾವಾರು, ಅಪ್ಪ ಅಲ್ಲ. ಅವರ ಮಾರಿ ಏನಂತೈತಿ ಅಂತ ಅದನ್ನ ನೋಡಕೋತ ನಿಂತ್ನಿ. ಶರಣು ಅಂದಿದ್ದು ಕಿವೀಲೆ ಕೇಳಿದ್ನಿ, ಕಣ್ಣು ಎತ್ತಲಿಲ್ಲ. ಒಂದು ಗೇಣು ಮ್ಯಾಲ ನೋಡಿದ್ರ ಅಪ್ಪ ಕಾಣತಿದ್ದ. ಹೊರಗ ಬರೂದ್ರಾಗ ಕರೆಂಟ ಹೋತು. ಆಮ್ಯಾಲ ಟಿವಿಯವರು ಅದನ್ನ ಹೊಳ್ಳಿ ಹಾಕಲೇ ಇಲ್ಲ. ಅಪ್ಪ ಮುಂದ ಟಿವ್ಯಾಗ ಬರಲೂ ಇಲ್ಲ."

ಬೆಲ್ಲದ ಕೈಯ ಹಿಂಬದಿಯಿಂದ ಮೂಗು ಒರೆಸಿಕೊಂಡಳು. "ಈಗ ಕೆಳಗ ಮಾವಾರಿಲ್ಲ. ಮ್ಯಾಲಿನ ಕನ್ನಡಿಯರ ಇರಲಿ ಬಿಡ. ಸಂಜೀಕ ಒಮ್ಮೆ ಬಾಗಲದಾಗ ನಿಂತು ನೋಡತೇನಿ."

ನಾನು ಪಡಸಾಲೆಗೆ ಬಂದು ಬಸುವಿಗೆ, ಕನ್ನಡಿ ಇದ್ದಲ್ಲೇ ಇರಲಿ, ಟಿವಿ ಬಿಚ್ಚು ಅಂದೆ. ಅವನು ನನ್ನ ಮುಖ ನೋಡಿ ಸ್ಕ್ರೂಡ್ರೈವರ್ ಎತ್ತಿಕೊಂಡ. ಇಬ್ಬರೂ ಸೇರಿ ಟಿವಿಯನ್ನು ಅದೇ ಗೋಡೆಯ ಮೇಲೆ, ಬೆಳಕು ಬೀಳದಷ್ಟು ಈಚೆಗೆ ಸರಿಸಿ ಹಚ್ಚಿದೆವು. ಯಾವುದೋ ಧಾರಾವಾಹಿಯಲ್ಲಿ ಒಂದು ದೊಡ್ಡ ಮನೆಯವರು ಊಟಕ್ಕೆ ಕೂತಿದ್ದರು. ಕಾಕಿ ಕೈ ತೊಳೆದುಕೊಂಡು ಬಂದು ಒಳಬಾಗಿಲಿನಲ್ಲಿ, ತನ್ನ ಹಳೆಯ ಜಾಗದಲ್ಲಿ ನಿಂತಳು. ಟಿವಿಯನ್ನು ನೋಡಲಿಲ್ಲ. ತಲೆ ಎತ್ತಿ ಕನ್ನಡಿಯನ್ನು ನೋಡಿದಳು. ಅದರಲ್ಲಿ ಎಲ್ಲರೂ ಎಡಗೈಯಲ್ಲಿ ಉಣ್ಣುತ್ತಿದ್ದರು.

"ಹೂಂ," ಅಂದಳು. "ಇಲ್ಲಿಂದ ಕಾಣತೈತಿ."